ಸಿಂಕಿಗೂ ತೊಟ್ಟಿಲಿಗೂ ನಡುವೆ

ಮೊದಲು ಅದು ಸೊಳ್ಳೆ ಎಂದುಕೊಂಡೆ. ಆದರೆ ಸೊಳ್ಳೆ ಅಷ್ಟು ಹೊತ್ತು ಒಂದೇ ಸ್ವರದಲ್ಲಿ ಕೂಗುವುದಿಲ್ಲ. ಸೂಜಿಯ ಮೊನೆಯಂಥ ತೆಳು ಸಿಳ್ಳೆ. ಮನೆಯೆಲ್ಲ ಮಲಗಿದ ಮೇಲೆ ಗೋಡೆಯಾಚೆ ಎಲ್ಲಿಂದಲೋ ಬಿಡದೆ ಬರುತ್ತಿತ್ತು. ಎದ್ದು ಹೋಗಿ ಗ್ಯಾಸ್ ಆರಿದೆಯೇ ನೋಡಿದೆ. ನಲ್ಲಿಯನ್ನು ಇನ್ನಷ್ಟು ಬಿಗಿ ಮಾಡಿದೆ. ಫ್ರಿಜ್ಜಿಗೆ ಕಿವಿಯೊಡ್ಡಿ ನಿಂತೆ.

"ಏನೇ ಅದು?" ನಮ್ಮವರು ಹೊದಿಕೆಯೊಳಗಿಂದಲೇ ಕೇಳಿದರು.

"ಏನೋ ಸಿಳ್ಳೆ ಕೇಳಿಸ್ತಿದೆ ರೀ."

"ನಿನ್ನ ತಲೆಯೊಳಗಿಂದ್ಲೇ ಇರ್ಬೇಕು. ಒತ್ತಡ ಜಾಸ್ತಿಯಾಗಿ ಕೂಗ್ತಿದೆ. ಸುಮ್ನೆ ಮಲ್ಕೋ."

ಮಲಗಲಿಲ್ಲ. ಸದ್ದಿನ ಬೆನ್ನು ಹಿಡಿದು ಹೋದರೆ ಅದು ಅತ್ತಿಗೆಯ ಕೋಣೆಯ ಬಾಗಿಲಲ್ಲಿ ಎಲ್ಲಕ್ಕಿಂತ ಜೋರಾಗಿತ್ತು. ಬಾಗಿಲು ಅರೆ ತೆರೆದಿತ್ತು. ಅತ್ತಿಗೆ ಗೋಡೆಗೆ ಮುಖ ಮಾಡಿ ಹಾಯಾಗಿ ನಿದ್ದೆ ಮಾಡುತ್ತಿದ್ದರು. ತಲೆದಿಂಬಿನ ಪಕ್ಕದ ಮೇಜಿನ ಮೇಲೆ ನೀರಿನ ಲೋಟ, ಕನ್ನಡಕ, ಒಂದು ಪುಟ್ಟ ತಗಡಿನ ಡಬ್ಬಿ. ಮೂರನೇ ಮನೆಯ ಮಗು ಕೆಮ್ಮಿದರೆ ಏಳುವವರು ಎಂದು ಹೆಸರಾದ ಅತ್ತಿಗೆ ಇಷ್ಟು ಹತ್ತಿರದ ಸದ್ದಿಗೆ ಮಿಸುಕಾಡಲಿಲ್ಲವಲ್ಲ ಎಂದು ಆಶ್ಚರ್ಯವಾಯಿತು. ದಣಿದಿದ್ದಾರೆ, ಎಬ್ಬಿಸುವುದು ಬೇಡ ಎಂದುಕೊಂಡು ಬಂದುಬಿಟ್ಟೆ. ಬೆಳಗಾಗುವಷ್ಟರಲ್ಲಿ ಅದು ಮರೆತೂ ಹೋಯಿತು. ಆಗ ನನ್ನ ತಲೆಯಲ್ಲಿ ಬೇರೊಂದು ವಿಷಯಕ್ಕೆ ಜಾಗವೇ ಇರಲಿಲ್ಲ.

ನಾನು ಆಸ್ಪತ್ರೆಯಲ್ಲಿ ಸೋಂಕು ತಡೆಯುವ ಕೆಲಸದ ನರ್ಸು. ರೋಗಿಗಳನ್ನು ನೋಡುವುದಿಲ್ಲ, ರೋಗಿಗಳನ್ನು ನೋಡುವವರ ಕೈ ನೋಡುತ್ತೇನೆ. ಯಾರು ತೊಳೆದರು, ಯಾರು ತೊಳೆದಂತೆ ಮಾಡಿದರು, ಯಾರ ಉಗುರು ಬೆಳೆದಿದೆ, ಯಾರ ಬೆರಳಲ್ಲಿ ಉಂಗುರವಿದೆ. ಸಿಂಕಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂರುವುದೇ ನನ್ನ ಉದ್ಯೋಗ. ಎದುರಿಗೆ 'ಅಕ್ಕಾ' ಎನ್ನುತ್ತಾರೆ, ಬೆನ್ನ ಹಿಂದೆ 'ಕೈ ಪೊಲೀಸು'. ನನಗೆ ಬೇಸರವಿಲ್ಲ. ಹೆದರುವ ಸ್ವಭಾವಕ್ಕೆ ಸಂಬಳ ಕೊಡುವ ಕೆಲಸ ಇನ್ನೆಲ್ಲಿ ಸಿಗುತ್ತದೆ?

ಅತ್ತಿಗೆ ಎಂದರೆ ನಮ್ಮವರ ಅಕ್ಕ. ತಮ್ಮನನ್ನು ಓದಿಸಿ ದಡ ಮುಟ್ಟಿಸಿದವರು, ಮದುವೆ ಮಾಡಿಕೊಳ್ಳದವರು, ನಮ್ಮ ಜೊತೆಯಲ್ಲೇ ಇರುವವರು. ಅದೇ ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ಎಲ್ಲರಿಗಿಂತ ಹಿರಿಯ ನರ್ಸು. ಕೂದಲಿನಷ್ಟು ಸಣ್ಣ ನರಕ್ಕೂ ಒಂದೇ ಸಲಕ್ಕೆ ಸೂಜಿ ಹಾಕುವ ಕೈ ಅವರದು. ಕೈ ತೊಳೆಯುವುದು ಹೇಗೆ ಎಂದು ಆಸ್ಪತ್ರೆಯ ಪ್ರತಿ ಸಿಂಕಿನ ಮೇಲೂ ಅಂಟಿಸಿರುವ ಚಿತ್ರಗಳಿವೆಯಲ್ಲ, ಅಂಗೈಗೆ ಅಂಗೈ ಉಜ್ಜುವುದು, ಬೆರಳ ಸಂದಿ ತಿಕ್ಕುವುದು, ಹೆಬ್ಬೆರಳು ತಿರುವುವುದು, ಅವೆಲ್ಲ ಅತ್ತಿಗೆಯ ಕೈಗಳೇ. ಫೋಟೋ ತೆಗೆಸಿದ್ದು ನಾನೇ. ಅವರಿಗಿಂತ ಚೆಂದವಾಗಿ ಕೈ ತೊಳೆಯುವವರು ಆ ಕಟ್ಟಡದಲ್ಲಿ ಬೇರೆ ಇರಲಿಲ್ಲ.

ಆ ವಾರ್ಡಿಗೆ ಒಂದು ಬ್ಯಾಕ್ಟೀರಿಯಾ ಹೊಕ್ಕಿತ್ತು. ಲ್ಯಾಬಿನವರು ಅದಕ್ಕೆ ಉದ್ದನೆಯ ಹೆಸರು ಬರೆಯುತ್ತಿದ್ದರು. ನಾವೆಲ್ಲ ಕರೆಯುತ್ತಿದ್ದದ್ದು ಜಗಮೊಂಡ ಎಂದು. ಹೆಸರಿಟ್ಟವರು ಲ್ಯಾಬಿನ ತಟ್ಟೆ ಮಾಮ. ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗಳನ್ನು ಹೋಟೆಲ್ ಮಾಣಿಯ ಹಾಗೆ ಕೈಮೇಲೆ ಪೇರಿಸಿಕೊಂಡು ಓಡಾಡುವುದರಿಂದ ಅವರಿಗೆ ಆ ಅಡ್ಡಹೆಸರು.

"ನೋಡಮ್ಮ ಇಲ್ಲಿ," ಎಂದು ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದಿದ್ದರು. ಹಸಿರು ಮಿಶ್ರಿತ ಪಾಚಿಯಂಥದ್ದು ಹರಡಿಕೊಂಡಿತ್ತು. ಅದರ ಮೇಲೆ ಔಷಧಿ ನೆನೆಸಿದ ಬಿಳಿ ಕಾಗದದ ಬಿಲ್ಲೆಗಳು. "ಔಷಧಿಗೆ ಹೆದರಿದ್ರೆ ಬಿಲ್ಲೆ ಸುತ್ತ ಜಾಗ ಬಿಟ್ಟು ದೂರ ಬೆಳೀತಿತ್ತು. ಇದು ನೋಡು, ಬಿಲ್ಲೆಗೇ ಒರಗ್ಕೊಂಡು ಕೂತಿದೆ, ಸೋಫಾ ಅನ್ನೋ ಥರ. ಒಂದೇ ಒಂದು ಔಷಧಿಗೆ ಸ್ವಲ್ಪ ಬಗ್ಗುತ್ತೆ. ಅದೂ ಎಷ್ಟು ದಿನವೋ." ಮುಚ್ಚಳದ ಅಂಚಿನಿಂದ ಹಣ್ಣಾದ ದ್ರಾಕ್ಷಿಯ ವಾಸನೆ ಬರುತ್ತಿತ್ತು. ಇಷ್ಟು ಕೆಟ್ಟದ್ದಕ್ಕೆ ಇಂಥ ಒಳ್ಳೆಯ ವಾಸನೆ ಇರಬಾರದಿತ್ತು.

ಆರೋಗ್ಯವಾಗಿರುವ ದೊಡ್ಡವರ ಮೈಮೇಲೆ ಜಗಮೊಂಡ ಸುಮ್ಮನೆ ಬಿಡಾರ ಹೂಡಿಕೊಂಡಿರುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ರಕ್ತಕ್ಕಿಳಿದರೆ ಮಾತ್ರ ಕತೆ ಮುಗಿಯಿತು. ಒಂದು ಮಗು ಆಗಲೇ ಸಾವಿನ ಬಾಯಿಯವರೆಗೆ ಹೋಗಿ, ಆ ಕೊನೆಯ ಔಷಧಿಯ ಬಲದಿಂದ ಮರಳಿತ್ತು. ಇನ್ನು ಕೆಲವು ಮಕ್ಕಳ ಚರ್ಮದ ಮೇಲೆ ಸಿಕ್ಕಿತ್ತು. ಅವರನ್ನೆಲ್ಲ ಪಕ್ಕದ ಕೋಣೆಗೆ ಸರಿಸಿದ್ದೆವು. ಇನ್ನೂ ತಾಕದೆ ಉಳಿದಿದ್ದವರಲ್ಲಿ ಎಲ್ಲರಿಗಿಂತ ಚಿಕ್ಕವನು ಮೂಲೆಯ ಗಾಜಿನ ತೊಟ್ಟಿಲಲ್ಲಿದ್ದ. ನನ್ನ ಅಂಗೈಯಲ್ಲಿ ಮಲಗಿಸಿದರೆ ಕಾಲು ಮಣಿಕಟ್ಟು ದಾಟದಷ್ಟು ಚಿಕ್ಕವನು. ಅವನಿಗೆ ಪೈಲ್ವಾನ ಎಂದು ಹೆಸರಿಟ್ಟಿದ್ದವರು ಅತ್ತಿಗೆ.

ದೊಡ್ಡ ಡಾಕ್ಟರು ಎಲ್ಲರನ್ನೂ ಕರೆದು ಹೇಳಿದ್ದರು. "ಇನ್ನೊಂದು ಮಗೂಗೆ ತಗುಲಿತು ಅಂದ್ರೆ ವಾರ್ಡಿಗೆ ಬೀಗ. ಮಕ್ಕಳನ್ನ ಬೇರೆ ಊರಿಗೆ ಸಾಗಿಸ್ತೀವಿ. ನನಗೂ ಇಷ್ಟ ಇಲ್ಲ, ಬೇರೆ ದಾರೀನೂ ಇಲ್ಲ."

"ಪೈಲ್ವಾನ ಆಂಬುಲೆನ್ಸ್ ಹತ್ತಿದ್ರೆ ಇಳಿಯಲ್ಲ ಡಾಕ್ಟ್ರೇ," ಎಂದರು ಅತ್ತಿಗೆ.

ಅದು ಎಲ್ಲರಿಗೂ ಗೊತ್ತಿದ್ದ ಮಾತೇ. ಡಾಕ್ಟರು ನನ್ನ ಕಡೆ ತಿರುಗಿದರು. "ಎಲ್ಲಿಂದ ಬರ್ತಿದೆ ಅಂತ ಹುಡುಕಮ್ಮ. ಬೇಗ."

ಹುಡುಕದೆ ಬಿಟ್ಟದ್ದೇನೂ ಇರಲಿಲ್ಲ. ನಲ್ಲಿಯ ಬಾಯಿ, ಸಿಂಕಿನ ಕೊಳವೆ, ಹಾಲು ಅಳೆಯುವ ಬಟ್ಟಲು, ಸ್ಟೆತೊಸ್ಕೋಪು, ಡಾಕ್ಟರುಗಳ ಫೋನು, ನೆಲ ಒರೆಸುವ ಕೋಲು, ಎಲ್ಲದಕ್ಕೂ ಹತ್ತಿಕಡ್ಡಿ ಒರೆಸಿ ಕಳಿಸಿದ್ದೆ. ಎಲ್ಲರ ಮೂಗು ನೋಡಿಯಾಯಿತು. ಎಲ್ಲರ ಕೈ ನೋಡಿಯಾಯಿತು. ತಟ್ಟೆಗಳೆಲ್ಲ ಸಾಧು ತಟ್ಟೆಗಳು, ಒಂದರಲ್ಲೂ ಜಗಮೊಂಡನಿಲ್ಲ.

"ಅಕ್ಕಾ, ನನ್ನ ಕನಸನ್ನೂ ಒರೆಸ್ಕೊಂಡು ಹೋಗಿ. ಅದರಲ್ಲೂ ಜಗಮೊಂಡನೇ ಬರ್ತಾನೆ," ಎಂದಳು ಗಿಣಿ. ವಾರ್ಡಿನ ಅತಿ ಕಿರಿಯ ನರ್ಸು. ಬಾಯಿಗೆ ಬೀಗವಿಲ್ಲದ್ದರಿಂದ ಆ ಹೆಸರು.

"ಬಾಯಿ ಮುಚ್ಚಿದ್ರೆ ಒರೆಸೋದೂ ಸುಲಭ," ಎಂದರು ಅತ್ತಿಗೆ, ಕೈ ತೊಳೆಯುತ್ತ. ಥೇಟ್ ಗೋಡೆಯ ಚಿತ್ರದ ಹಾಗೆಯೇ ತೊಳೆಯುತ್ತಿದ್ದರು.

ನಲ್ಲಿಯಲ್ಲಿ ಏನೂ ಸಿಗದಿದ್ದರೂ ದೊಡ್ಡ ಡಾಕ್ಟರಿಗೆ ಸಮಾಧಾನವಿರಲಿಲ್ಲ. ಸಿಂಕುಗಳನ್ನೇ ಬದಲಾಯಿಸಿ ಎಂದರು. ಪ್ಲಂಬರು ಬಂದು ವಾರ್ಡಿನ ಬಾಗಿಲ ಹೊರಗೆ ಪರದೆ ಕಟ್ಟಿಕೊಂಡು ಮೊದಲ ಸಿಂಕನ್ನು ಕಳಚತೊಡಗಿದ. ನನ್ನ ಸ್ಟೂಲು ಅವನ ಕಾಲಿಗೆ ತೊಡರುತ್ತಿತ್ತು. "ಮೇಡಂ, ಸ್ವಲ್ಪ ಆ ಕಡೆ ಕೂತ್ಕೊಳ್ರಿ. ನಟ್ಟು ತಿರುಗಿಸೋ ಈ ಪಾನ ಕಾಲ್ಮೇಲೆ ಬಿದ್ರೆ ನಿಮ್ಮನ್ನೂ ಇಲ್ಲೇ ಅಡ್ಮಿಟ್ ಮಾಡ್ಬೇಕಾಗುತ್ತೆ" ಎಂದ. ಬೇರೆಲ್ಲೂ ಜಾಗವಿರಲಿಲ್ಲ. ವಾರ್ಡಿನೊಳಗೆ ಹೋಗಿ ಮೂಲೆಯಲ್ಲಿ, ಪೈಲ್ವಾನನ ತೊಟ್ಟಿಲಿಗೆ ತಾಗಿ ಕೂತೆ.

ಅಷ್ಟು ಕಾಲವೂ ಸಿಂಕಿನ ಪಕ್ಕ ಕೂತು ತೊಳೆಯುವುದನ್ನು ಮಾತ್ರ ನೋಡಿದ್ದೆ. ತೊಳೆದ ಕೈ ಅಲ್ಲಿಂದ ಹೊರಟು ತೊಟ್ಟಿಲು ಮುಟ್ಟುವವರೆಗೆ ಎಲ್ಲೆಲ್ಲಿ ಹೋಗಿಬರುತ್ತದೆ ಎಂದು ಅಲ್ಲಿಂದ ಕಾಣುತ್ತಿರಲಿಲ್ಲ. ಕೈಯಿಂದ ಹತ್ತಿಕಡ್ಡಿ ತೆಗೆದದ್ದೂ ಎಲ್ಲರೂ ತೊಳೆದುಕೊಂಡು ಬಂದ ಮೇಲೆಯೇ. ಈಗ ಕಾಣುತ್ತಿತ್ತು. ಗಿಣಿ ತೊಳೆದ ಕೈಯಲ್ಲಿ ಮಾಸ್ಕು ಸರಿಮಾಡಿಕೊಂಡಳು. ಕಿರಿಯ ಡಾಕ್ಟರು ಕನ್ನಡಕ ಮೇಲಕ್ಕೆ ತಳ್ಳಿದರು. ಆಗಲೇ ಅತ್ತಿಗೆ ಬಂದರು. ಇನ್ನೊಂದು ಸಿಂಕಿನಲ್ಲಿ ತೊಳೆದು, ಕೈಗಳನ್ನು ಮೇಲಕ್ಕೆ ಹಿಡಿದು, ನೀರು ಒರೆಸಿಕೊಂಡು, ಯಾವುದನ್ನೂ ಮುಟ್ಟದೆ. ಅಬ್ಬ, ಅತ್ತಿಗೆಯಾದರೂ ಸರಿಯಾಗಿದ್ದಾರಲ್ಲ ಎಂದುಕೊಂಡೆ. ಅವರು ಪೈಲ್ವಾನನ ಮೇಲೆ ಬಾಗಿದರು.

ಸಿಳ್ಳೆ ಕೇಳಿಸಿತು. ಸೂಜಿಯ ಮೊನೆಯಂಥದ್ದು. ನಮ್ಮ ಮನೆಯದೇ.

ಅತ್ತಿಗೆಯ ಬಲಗೈ ತಾನಾಗಿ ಮೇಲೆ ಹೋಯಿತು. ಟೋಪಿಯ ಅಂಚಿನೊಳಗೆ ತೋರುಬೆರಳು ನುಗ್ಗಿ ಕಿವಿಯಲ್ಲಿ ಏನನ್ನೋ ಒಳಕ್ಕೆ ಒತ್ತಿತು. ಸಿಳ್ಳೆ ನಿಂತಿತು. ಅದೇ ಬೆರಳು ಕೆಳಗಿಳಿದು ತೊಟ್ಟಿಲ ಗಾಜಿನ ಕಿಂಡಿಯ ಕಡೆ ಹೊರಟಿತು.

"ಅತ್ತಿಗೆ, ಕೈ!" ಎಂದೆ. ಅವರು ತಿರುಗಲಿಲ್ಲ. ಹಾರಿ ಅವರ ಮಣಿಕಟ್ಟು ಹಿಡಿದುಬಿಟ್ಟೆ.

ವಾರ್ಡಿಗೆ ವಾರ್ಡೇ ನಮ್ಮನ್ನು ನೋಡಿತು. ಗಿಣಿಯ ಬಾಯಿ ತೆರೆದಲ್ಲೇ ನಿಂತಿತ್ತು ಎಂದು ಮಾಸ್ಕಿನ ಮೇಲಿಂದಲೇ ಗೊತ್ತಾಗುತ್ತಿತ್ತು.

"ಏನೇ ಇದು?" ಅತ್ತಿಗೆಯ ಕಣ್ಣು ಕೆಂಡವಾಗಿತ್ತು.

"ಉಗುರು... ಉಗುರು ನೋಡ್ಬೇಕಿತ್ತು."

"ನನ್ನ ಉಗುರಾ? ಗೋಡೆ ಮೇಲಿದೆ, ನೋಡ್ಕೋ ಹೋಗು."

ಹಾಗೆಂದರೂ ಮತ್ತೆ ಹೋಗಿ ತೊಳೆದರು. ಕೈ ಪೊಲೀಸು ಮನೆಯವರನ್ನೇ ಬಿಡುವುದಿಲ್ಲ ಎಂದು ಯಾರೋ ಪಿಸುಗುಟ್ಟಿದರು. ಮಧ್ಯಾಹ್ನದವರೆಗೆ ಅತ್ತಿಗೆಯ ಹಿಂದೆ ನೆರಳಿನ ಹಾಗೆ ತಿರುಗಿ, ಪ್ರತಿ ಸಲವೂ ಏನಾದರೊಂದು ನೆಪ ಹೇಳಿ ಮತ್ತೆ ಕೈ ತೊಳೆಸಿದೆ. ಅವರು ನನ್ನ ಜೊತೆ ಮಾತು ಬಿಟ್ಟರು.

ಸಂಜೆ ನಮ್ಮವರು ಮನೆಗೆ ಬರುವ ಮೊದಲೇ ಮಾತಾಡಬೇಕಿತ್ತು. ಅತ್ತಿಗೆ ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ಈರುಳ್ಳಿ ಹೆಚ್ಚುತ್ತಿದ್ದರು. ಅವರ ಕೋಣೆಯಿಂದ ಸಿಳ್ಳೆ ಬರುತ್ತಿತ್ತು. ಹೇಳದೆ ಕೇಳದೆ ಆ ಕೋಣೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ತಗಡಿನ ಡಬ್ಬಿಯನ್ನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟೆ. ಡಬ್ಬಿಯೊಳಗಿಂದ ಸಿಳ್ಳೆ ಹರಿದುಬರುತ್ತಲೇ ಇತ್ತು. ಅತ್ತಿಗೆಗೂ ಅದಕ್ಕೂ ಒಂದು ಮೊಳ ದೂರ.

"ಅತ್ತಿಗೆ," ಎಂದೆ. ಈರುಳ್ಳಿ ಹೆಚ್ಚುವುದು ನಿಲ್ಲಲಿಲ್ಲ. "ಅತ್ತಿಗೆ!" ನಿಲ್ಲಲಿಲ್ಲ. ಎದುರಿಗೆ ಹೋಗಿ ನಿಂತೆ. ಅವರು ನನ್ನನ್ನು ನೋಡಿ, ಡಬ್ಬಿಯನ್ನು ನೋಡಿ, ಚಾಕು ಕೆಳಗಿಟ್ಟರು.

"ಕೂಗ್ತಿದೆ," ಎಂದೆ.

ಅವರು ನನ್ನ ತುಟಿ ನೋಡುತ್ತಿದ್ದರು. "ಏನು ಕೂಗ್ತಿದೆ?"

"ಇದು. ರಾತ್ರಿಯೆಲ್ಲ ಕೂಗುತ್ತೆ. ಈಗ್ಲೂ ಕೂಗ್ತಿದೆ."

ಅತ್ತಿಗೆ ನಿಧಾನವಾಗಿ ಡಬ್ಬಿಯ ಮೇಲೆ ಅಂಗೈ ಇಟ್ಟರು, ಒಳಗೆ ಹಕ್ಕಿಮರಿ ಇದೆಯೇ ಎಂದು ನೋಡುವವರ ಹಾಗೆ. ಆಮೇಲೆ ತೆರೆದರು. ಹುರುಳಿಕಾಯಿಯ ಬೀಜದಷ್ಟು ದೊಡ್ಡದು, ಚರ್ಮದ ಬಣ್ಣದ್ದು. ಕಿವಿಯೊಳಗೆ ಇಟ್ಟುಕೊಳ್ಳುವ ಶ್ರವಣಯಂತ್ರ. ಆರಿಸದೆ ಇಟ್ಟಿದ್ದರಿಂದ ತನ್ನ ಸದ್ದನ್ನೇ ತಾನು ಹಿಡಿದು ಕೂಗುತ್ತಿತ್ತು. ಅದನ್ನು ಹಾಕಿಕೊಂಡು ಕುರ್ಚಿಯಲ್ಲಿ ಕುಸಿದರು.

"ಎಷ್ಟು ದಿನದಿಂದ?" ಎಂದೆ.

"ಮುಂಚೆ ತುಟಿ ನೋಡಿ ತಿಳ್ಕೊತಿದ್ದೆ. ಎಲ್ಲರೂ ಮಾಸ್ಕ್ ಹಾಕೋಕೆ ಶುರು ಮಾಡಿದ್ರಲ್ಲ, ತುಟಿ ಕಾಣಿಸ್ಲಿಲ್ಲ. ಅಂಗಡೀಲಿ ಸಿಕ್ಕಿದ್ದನ್ನ ತಂದ್ಕೊಂಡೆ. ಇದ್ದರೆ ಅಲಾರಂ ಎಲ್ಲಾ ಕೇಳುತ್ತೆ ಕಣೇ, ನಿಜವಾಗ್ಲೂ."

"ಕಿವಿ ಡಾಕ್ಟ್ರಿಗೆ ಯಾಕೆ ತೋರಿಸ್ಲಿಲ್ಲ?"

"ನಮ್ಮಾಸ್ಪತ್ರೆ ಕಿವಿ ಡಾಕ್ಟ್ರಿಗೆ ತೋರಿಸಿದ್ರೆ ಡಂಗುರ ಸಾರಿದ ಹಾಗೇನೇ. ಕಿವುಡಿಯನ್ನ ಮಕ್ಕಳ ವಾರ್ಡಲ್ಲಿ ಯಾರು ಇಟ್ಕೊತಾರೆ? ಬಟ್ಟೆ ಕೋಣೆಗೆ ಹಾಕ್ತಾರೆ. ದಿನಾ ಬೆಡ್‌ಶೀಟ್ ಮಡಿಸ್ಕೊಂಡು ಕೂತಿರ್ಬೇಕು."

"ಕಿವಿ ಸೋರುತ್ತಾ?"

ಹ್ಞೂ ಎಂಬಂತೆ ತಲೆಯಾಡಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. "ತುರಿಕೆ. ನೋವು. ವಾರ್ಡಲ್ಲಿ ಸೀಸೆ ತಳದಲ್ಲಿ ಮಿಕ್ಕಿದ ಔಷಧಿ ಬಿಟ್ಕೊತಿದ್ದೆ. ಒಂದು ಕೇಳ್ಲಿಲ್ಲ ಅಂದ್ರೆ ಇನ್ನೊಂದು."

ನನಗೆ ತಟ್ಟೆ ಮಾಮನ ತಟ್ಟೆ ಕಣ್ಮುಂದೆ ಬಂತು. ಬಿಲ್ಲೆಗಳಿಗೆ ಒರಗಿಕೊಂಡು ಕೂತ ಹಸಿರು. ಒಂದೊಂದೇ ಔಷಧಿಯ ಪರಿಚಯ ಮಾಡಿಸಿ, ಒಂದನ್ನೂ ಪೂರ್ತಿ ಮಾಡದೆ, ಜಗಮೊಂಡನಿಗೆ ಅಕ್ಷರಾಭ್ಯಾಸ ಮಾಡಿಸಿದ್ದು ಈ ಪುಟ್ಟ ಕಿವಿ.

"ಆದ್ರೆ ನಾನು ಕೈ ತೊಳೀದೆ ಯಾವ ಮಗೂನೂ ಮುಟ್ಟಿಲ್ಲ," ಎಂದರು ಅತ್ತಿಗೆ. ಅವರ ದನಿ ಮೇಲೇರಿತು. "ನೀನೇ ನೋಡಿದ್ದೀಯಲ್ಲ!"

"ಸ್ವಲ್ಪ ಬಗ್ಗಿ ಅತ್ತಿಗೆ. ಪೈಲ್ವಾನನ ಮೇಲೆ ಬಗ್ಗೋ ಹಾಗೆ."

ಅವರು ಈರುಳ್ಳಿಯ ತಟ್ಟೆಯ ಮೇಲೆ ಬಾಗಿದರು. ಯಂತ್ರ ಸಡಿಲವಾಗಿ ಸಿಳ್ಳೆ ಹಾಕಿತು. ಬೆರಳು ಮೇಲೆ ಹೋಗಿ ಒತ್ತಿ ಬಂತು.

"ಈಗ ಮಾಡಿದ್ರಲ್ಲ, ಅದು."

"ಏನು ಮಾಡ್ದೆ?"

ನಟನೆಯಲ್ಲ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಕಣ್ಣು ರೆಪ್ಪೆ ಬಡಿದದ್ದು ಯಾರಿಗೆ ಗೊತ್ತಾಗುತ್ತದೆ? "ಇನ್ನೊಂದ್ಸಲ ಬಗ್ಗಿ. ಕೈ ಮೇಲೆ ಗಮನ ಇಟ್ಟು" ಎಂದೆ. ಬಾಗಿದರು. ಬೆರಳು ಅರ್ಧ ದಾರಿಗೆ ಹೋಗಿತ್ತು. ಆಗ ಅವರು ಅದನ್ನು ಕಂಡರು. ಬೇರೆ ಯಾರದೋ ಬೆರಳನ್ನು ನೋಡುವ ಹಾಗೆ ನೋಡುತ್ತಾ ನಿಂತರು.

"ಅಯ್ಯೋ," ಎಂದರು. ಆ ಕೈಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಕೊನೆಗೆ, "ನಾನು ಹೋದ್ರೆ ಪೈಲ್ವಾನಂಗೆ ನರ ಯಾರು ಹುಡುಕ್ತಾರೆ?"

"ನೀವು ಹೋಗ್ಲಿಲ್ಲ ಅಂದ್ರೆ ಅವನು ಆಂಬುಲೆನ್ಸ್ ಹತ್ತಬೇಕು ಅತ್ತಿಗೆ."

ಅತ್ತಿಗೆ ಎದ್ದು ಸಿಂಕಿನ ಹತ್ತಿರ ಹೋಗಿ ಕೈ ತೊಳೆದರು. ಅಂಗೈಗೆ ಅಂಗೈ, ಬೆರಳ ಸಂದಿ, ಹೆಬ್ಬೆರಳು. ಒರೆಸಿಕೊಂಡು ತಿರುಗಿ, "ಇನ್ನು ನಾನು ವಾರ್ಡೊಳಗೆ ಬರಲ್ಲ, ನಂಗೆ ರಜಾ ಬರ್ಕೋ. ಕಿವಿ ಡಾಕ್ಟ್ರ ಹತ್ರ ನೀನೂ ಬಾ. ಒಬ್ಬಳೇ ಹೋಗೋಕೆ ಧೈರ್ಯ ಇಲ್ಲ" ಎಂದರು. ಅವರ ಬಾಯಲ್ಲಿ ಆ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಒಬ್ಬರ ಕಿವಿ ಮಾತ್ರ ನೋಡಿದರೆ ಸುದ್ದಿ ಕಾಡ್ಗಿಚ್ಚಾಗುತ್ತದೆ. ಅಲ್ಲದೆ ಇನ್ನೂ ಯಾರ ಕಿವಿಯಲ್ಲಿ ಏನಿದೆಯೋ. ಮರುದಿನ ವಾರ್ಡಿಗೆ ಕಾಲಿಡುವ ಪ್ರತಿಯೊಬ್ಬರ ಕಿವಿಯನ್ನೂ ನೋಡಬೇಕೆಂದು ಹಠ ಹಿಡಿದೆ. ವಾರ್ಡಿನ ಹೊರಗಿನ ಸಾಲಿನಲ್ಲಿ ಅತ್ತಿಗೆಯ ಹಿಂದೆ ದೊಡ್ಡ ಡಾಕ್ಟರೂ ನಿಂತರು. "ಶಾಲೇಲಿ ಕಿವಿ ಹಿಂಡಿಸ್ಕೊಂಡ ಮೇಲೆ ಇವತ್ತೇ ನೋಡಿ," ಎಂದರು. ಗಿಣಿ ಎಲ್ಲರಿಗೂ ಕಿವಿಯಲ್ಲಿ ಏನೇನು ಸಿಗಬಹುದೆಂದು ಪಂದ್ಯ ಕಟ್ಟಿಸುತ್ತಿದ್ದಳು. ಹತ್ತಿಕಡ್ಡಿಗಳ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದೆಂದು ನನಗೊಬ್ಬಳಿಗೇ ಗೊತ್ತು. ಕೈ ಬಿರುಕು ಬಿಟ್ಟವರನ್ನು, ಕಿವಿ ತುರಿಸುವವರನ್ನು, ಮೂಗು ಸೋರುವವರನ್ನು ಗುಣವಾಗುವವರೆಗೆ ಮನೆಗೆ ಕಳಿಸಿದೆ. ಆ ಗುಂಪಿನಲ್ಲಿ ಅತ್ತಿಗೆಯೂ ಸೇರಿಹೋದರು.

ತಟ್ಟೆ ಮಾಮ ಓಡಿಬಂದಾಗ ದ್ರಾಕ್ಷಿಯ ವಾಸನೆ ಅವರಿಗಿಂತ ಮೊದಲೇ ಬಂದ ಹಾಗೆ ನನಗೆ ಭಾಸವಾಯಿತು. "ಸಿಕ್ಕಿಬಿದ್ದ! ಒಂದು ಕಿವಿ. ಒಂದೇ ಒಂದು. ಮಕ್ಕಳ ಮೈಮೇಲೆ ಸಿಕ್ಕಿದ್ದು, ಇದು, ಎರಡೂ ಅವಳಿ-ಜವಳಿ!"

ದೊಡ್ಡ ಡಾಕ್ಟರು ಬಾಗಿಲು ಹಾಕಿಕೊಂಡು ಕೇಳಿದರು. "ಯಾರು?"

ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡೆ. "ವಾರ್ಡಿನಿಂದ ಹೊರಗಿದ್ದಾರೆ ಸಾರ್. ಕಿವಿ ಡಾಕ್ಟ್ರು ನೋಡ್ತಿದ್ದಾರೆ. ಪೂರ್ತಿ ಗುಣವಾಗದೆ ಒಳಗೆ ಬರಲ್ಲ. ಅದಕ್ಕೆ ನಾನು ಹೊಣೆ."

"ನಾನು ಹೆಸರು ಕೇಳ್ದೆ."

"ಹೆಸರು ಹೇಳಿದ್ರೆ ಮುಂದಿನ ಸಲ ಯಾರೂ ನಂಗೆ ಕಿವಿ ತೋರಿಸಲ್ಲ ಸಾರ್. ಮೂಗೂ ತೋರಿಸಲ್ಲ."

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಈಗ ಕೆಲಸ ಹೋಯಿತು ಎಂದುಕೊಂಡೆ. "ನೋಡೋಕೆ ಹೆದರುಪುಕ್ಕಿ ಥರ ಇರ್ತೀಯ," ಎಂದರು ಕೊನೆಗೆ. "ಹೋಗು. ವಾರ್ಡ್ ಉಳಿಸು."

ಜಗಮೊಂಡನಿಗೆ ಕಿವಿ ಡಾಕ್ಟರಮ್ಮ ಕೊಟ್ಟ ಮದ್ದು ಕೇಳಿದರೆ ನಗು ಬರುತ್ತದೆ. ಕಿವಿಯನ್ನು ಚೊಕ್ಕಟ ಮಾಡಿ, ಕಿವಿಯ ತಮಟೆ ಹರಿದಿಲ್ಲವೆಂದು ಖಚಿತ ಮಾಡಿಕೊಂಡು, ಹನಿಗಳನ್ನು ಬರೆದುಕೊಟ್ಟರು. ಅದರ ವಾಸನೆ ನೋಡಿದ ಅತ್ತಿಗೆ, "ಡಾಕ್ಟ್ರೇ, ಇದು ವಿನೆಗರ್ ಅಲ್ವಾ?" ಎಂದರು.

"ಹೌದು, ಅದೇ ಹುಳಿ, ತೆಳು ಮಾಡಿರೋದು. ಇದಕ್ಕೆ ಔಷಧಿಗಳ ಭಯ ಹೋಗಿದೆ, ಹುಳಿ ಕಂಡ್ರೆ ಇನ್ನೂ ಆಗಲ್ಲ. ಮಿಷನ್ ತೆಗೆದಿಡಿ, ಕಿವಿ ಒಣಗಿರಲಿ. ಆಮೇಲೆ ನಿಮ್ಮ ಕಿವಿ ಅಳತೆಗೆ ಸರಿಯಾಗಿ ಹೊಸದು ಮಾಡಿಸೋಣ. ಬಗ್ಗಿದ್ರೆ ಜಾರಲ್ಲ, ಸಿಳ್ಳೆ ಹಾಕಲ್ಲ."

ಅತ್ತಿಗೆ ಹೊರಗೆ ಬಂದು ಗೋಡೆಗೊರಗಿ ನಕ್ಕರು. "ಲೋಕದ ಔಷಧಿಯನ್ನೆಲ್ಲ ಜೀರ್ಣಿಸ್ಕೊಂಡ ರಾಕ್ಷಸ, ಉಪ್ಪಿನಕಾಯಿ ಹಾಕೋ ಹುಳೀಲಿ ಸಾಯ್ತಾನಂತೆ!" ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಆದರೆ ಅತ್ತಿಗೆ ಹೆದರಿದ್ದ ದಿನ ಬಂದೇ ಬಂತು. ಪೈಲ್ವಾನನ ನರದ ಸೂಜಿ ಕಳಚಿಕೊಂಡಿತು. ಅವನಿಗೆ ಬಾಯಿಂದ ಹಾಲು ಕುಡಿಯುವ ತ್ರಾಣ ಇನ್ನೂ ಇರಲಿಲ್ಲ. ಕಿರಿಯ ಡಾಕ್ಟರು ಪ್ರಯತ್ನಿಸಿ ಸೋತರು. ಇನ್ನು ಗಿಣಿಯ ಸರದಿ, ಅವಳ ಮುಖ ಸುಣ್ಣವಾಗಿತ್ತು. ನಾನು ಮನೆಗೆ ಫೋನು ಮಾಡಿ ನಮ್ಮವರಿಗೆ, "ಅತ್ತಿಗೇನ ಕರ್ಕೊಂಡು ಬನ್ನಿ, ಓಡಿಸ್ಕೊಂಡು ಬನ್ನಿ" ಎಂದೆ.

ಅತ್ತಿಗೆ ಒಳಗೆ ಬರುವಂತಿರಲಿಲ್ಲ. ತಂದೆತಾಯಿ ಮಕ್ಕಳನ್ನು ನೋಡಲೆಂದು ಹೊರಗಿನ ಓಣಿಯಲ್ಲಿ ದೊಡ್ಡ ಗಾಜಿನ ಕಿಟಕಿ ಇತ್ತು. ಅಲ್ಲಿ ಪೈಲ್ವಾನನ ಅಮ್ಮನ ಪಕ್ಕ ಬಂದು ನಿಂತರು. ಕಿವಿಯಲ್ಲಿ ಯಂತ್ರವಿರಲಿಲ್ಲ. ನಾವು ಕೂಗಿದರೂ ಅವರಿಗೆ ಕೇಳುತ್ತಿರಲಿಲ್ಲ, ಗಾಜಿನಾಚೆಯಿಂದ ಅವರು ಕೂಗಿದರೆ ನಮಗೂ ಕೇಳುತ್ತಿರಲಿಲ್ಲ. ಅವರು ಎರಡೂ ಕೈ ಮೇಲೆತ್ತಿದರು.

ಎಡಗೈಯ ಹಿಂಬದಿ ತೋರಿಸಿ, ಬಲಗೈ ಬೆರಳಿನಿಂದ ಒಂದು ಜಾಗ ಮುಟ್ಟಿದರು. ಗಿಣಿ ಮಗುವಿನ ಕೈಯನ್ನು ಹಾಗೆಯೇ ತಿರುಗಿಸಿದಳು. ಅತ್ತಿಗೆ ತಲೆ ಆಡಿಸಿದರು, ಅಲ್ಲ, ಇನ್ನೂ ಸ್ವಲ್ಪ ಈಚೆ. ನಾನು ಹಿಂದಿನಿಂದ ದೀಪ ಹಿಡಿದೆ. ಅತ್ತಿಗೆ ಹೆಬ್ಬೆರಳನ್ನು ಚರ್ಮ ಎಳೆಯುವ ಹಾಗೆ ಜಾರಿಸಿದರು. ಗಿಣಿಯ ಹೆಬ್ಬೆರಳೂ ಜಾರಿತು. ಸೂಜಿಯ ಓರೆ ಎಷ್ಟಿರಬೇಕೆಂದು ಬೆರಳನ್ನು ಬಹುತೇಕ ಮಲಗಿಸಿ ತೋರಿಸಿದರು. ಗೋಡೆಗೋಡೆಯ ಮೇಲೆ ದಿನವೂ ನಾವು ನೋಡುವ ಆ ಕೈಗಳು ಗಾಜಿನ ಆಚೆ ಗಾಳಿಯಲ್ಲಿ ಕೆಲಸ ಮಾಡುತ್ತಿದ್ದವು, ಗಾಜಿನ ಈಚೆ ಗಿಣಿಯ ಕೈಗಳು.

ಸೂಜಿಯ ಬುಡದಲ್ಲಿ ಕೆಂಪು ಚುಕ್ಕೆ ಮೂಡಿತು.

"ಬಂತು!" ಎಂದು ಗಿಣಿ ಕಿರುಚಿದಳು. ಅತ್ತಿಗೆಗೆ ಕೇಳಿಸದಿದ್ದರೂ ಆ ಹೊತ್ತಿಗೇ ಅವರು ಪೈಲ್ವಾನನ ಅಮ್ಮನನ್ನು ತಬ್ಬಿಕೊಂಡಾಗಿತ್ತು.

ಆಮೇಲೆ ಕಾಯುವ ದಿನಗಳು. ಪ್ರತಿ ಸಲ ಮಕ್ಕಳ ಮೈ ಒರೆಸಿ ತಟ್ಟೆ ಕಳಿಸಿದಾಗಲೂ ನನಗೆ ಊಟ ಸೇರುತ್ತಿರಲಿಲ್ಲ. ನನ್ನ ಸ್ಟೂಲು ಮತ್ತೆ ಸಿಂಕಿನ ಹತ್ತಿರ ಹೋಗಲಿಲ್ಲ, ತೊಟ್ಟಿಲ ಪಕ್ಕದಲ್ಲೇ ಉಳಿಯಿತು. ಕನ್ನಡಕಕ್ಕೆ ಹೋದ ಕೈ, ಮಾಸ್ಕಿಗೆ ಹೋದ ಕೈ, ಎಲ್ಲವೂ ಮರಳಿ ಸಿಂಕಿಗೆ. ಮೊದಲು ಗೊಣಗಿದರು, ಆಮೇಲೆ ಒಬ್ಬರನ್ನೊಬ್ಬರು ಹಿಡಿಯುವ ಆಟವಾಯಿತು. ಗಿಣಿಯಂತೂ ದೊಡ್ಡ ಡಾಕ್ಟರನ್ನೇ "ಸಾರ್, ಮೀಸೆ!" ಎಂದು ಕೂಗಿ ವಾಪಸ್ಸು ಕಳಿಸಿದಳು. ಅವರು ಮಾಸ್ಕಿನ ಮೇಲಿಂದ ಮೀಸೆ ನೀವಿಕೊಂಡಿದ್ದರು.

ಒಂದು ಬೆಳಿಗ್ಗೆ ತಟ್ಟೆ ಮಾಮ ಮೆಟ್ಟಿಲು ಹತ್ತಿ ಓಡಿಬಂದರು. ಗಲ್ಲದವರೆಗೆ ತಟ್ಟೆಗಳು. ಲಿಫ್ಟಿಗೆ ಕಾಯುವ ವ್ಯವಧಾನ ಅವರಿಗಿರಲಿಲ್ಲ. "ಖಾಲಿ!" ಎಂದು ಕೂಗಿದರು. "ಎಲ್ಲಾ ಖಾಲಿ! ಪಕ್ಕದ ಕೋಣೆ ಮಕ್ಕಳದ್ದೂ ಖಾಲಿ! ಹಿಂದಿನ ಸಲವೂ ಖಾಲಿ, ಅದರ ಹಿಂದಿನದೂ ಖಾಲಿ! ಆ ಕಿವೀದೂ ಖಾಲಿ!" ಒಂದೊಂದೇ ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಸಿರಿಲ್ಲ, ವಾಸನೆಯಿಲ್ಲ, ಏನೇನೂ ಇಲ್ಲ. ಖಾಲಿ ತಟ್ಟೆ ನೋಡಿ ಜನ ಕುಣಿದದ್ದು ಲೋಕದಲ್ಲಿ ಅದೊಂದೇ ಸಲವಿರಬೇಕು. ಪ್ಲಂಬರೂ ಪಾನ ಕೆಳಗಿಟ್ಟು ಚಪ್ಪಾಳೆ ತಟ್ಟಿದ.

ಅತ್ತಿಗೆ ಹೊಸ ಯಂತ್ರ ಹಾಕಿಕೊಂಡು ವಾರ್ಡಿಗೆ ಮರಳಿದರು. ಟೋಪಿ ಹಾಕುವ ಮೊದಲು ಕೂದಲನ್ನು ಎತ್ತಿ ಕಟ್ಟಿ, ಕಿವಿಯನ್ನು ಎಲ್ಲರಿಗೂ ತೋರಿಸಿದರು. "ನೋಡಿ, ನಂಗೆ ಕಿವಿ ಮಂದ. ಇದು ಮಿಷನ್. ಇನ್ಮೇಲೆ ನನ್ನ ಹಿಂದೆ ಆಡ್ಕೊಳ್ಳೋರು ಹುಷಾರು, ಎಲ್ಲಾ ಕೇಳುತ್ತೆ."

"ಅಯ್ಯಯ್ಯೋ, ನಾನು ಇಷ್ಟು ದಿನ ಆಡಿದ್ದೆಲ್ಲ ದಂಡವಾಯ್ತಾ?" ಎಂದಳು ಗಿಣಿ.

ಯಾರೂ ಅವರನ್ನು ಬಟ್ಟೆ ಕೋಣೆಗೆ ಕಳಿಸಲಿಲ್ಲ. ಕಿವಿ ಡಾಕ್ಟರಮ್ಮ ಅಳೆದು ನೋಡಿ, ಅಲಾರಂ ಪಕ್ಕಾ ಕೇಳುತ್ತದೆ ಎಂದು ಬರೆದುಕೊಟ್ಟಿದ್ದರು. ದೊಡ್ಡ ಡಾಕ್ಟರು ಅತ್ತಿಗೆಯ ಕಿವಿಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕಿಟಕಿಯಾಚೆ ನೋಡಿ, "ಹೊಸ ಸಿಂಕ್ ಚೆನ್ನಾಗಿದೆ ಅಲ್ವಾ?" ಎಂದರು.

ಪೈಲ್ವಾನ ಮನೆಗೆ ಹೊರಟ ದಿನ ಅವನಿಗೆ ತುಂಬಿದ ಗಲ್ಲ, ಕೈಗೆ ಮಡಿಕೆ, ಬಾಯಿಗೆ ಬೆಟ್ಟದಂಥ ದನಿ ಬಂದಿತ್ತು. ಅವನು ಕಿರುಚಿದಾಗ ಅತ್ತಿಗೆ ಬೆಚ್ಚಿಬಿದ್ದರು. "ಇಷ್ಟು ಚೂಪಾಗಿ, ಇಷ್ಟು ಮೇಲಿನ ಸ್ವರದಲ್ಲಿ ಅಳ್ತಾವಾ ಇವು?" ಎಂದು ನನ್ನ ಕಿವಿಯಲ್ಲಿ ಕೇಳಿದರು. "ಮರ್ತೇ ಹೋಗಿತ್ತು ಕಣೇ." ಪೈಲ್ವಾನನ ಅಮ್ಮ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡು, "ಈ ಕೈ ಇಲ್ದಿದ್ರೆ ನನ್ನ ಮಗ ಉಳೀತಿರ್ಲಿಲ್ಲ" ಎಂದಳು. ಅತ್ತಿಗೆಯ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಕೈ ಬಿಡಿಸಿಕೊಳ್ಳಲು ನೋಡಿದರು. ಆ ತಾಯಿ ಬಿಡಲಿಲ್ಲ. ನಾನೂ ಅತ್ತಿಗೆಯ ಬೆನ್ನ ಮೇಲಿಟ್ಟಿದ್ದ ಕೈಯನ್ನು ತೆಗೆಯಲಿಲ್ಲ. ಆ ತಾಯಿ ಹೇಳಿದ್ದು ಸುಳ್ಳಾಗಿರಲಿಲ್ಲ.

ಅಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದೆವು. ನಮ್ಮವರು ತಟ್ಟೆಯಿಂದ ತಲೆಯೆತ್ತಿ, "ಅಂದ ಹಾಗೆ, ಆ ಜಗಮೊಂಡನ್ನ ಸಾಕಿದ್ದು ನಿಮ್ಮ ಆಸ್ಪತ್ರೆಯೋರೇ ಯಾರೋ ಅಂತೆ? ಔಷಧಿ ಅಂಗಡಿಯವನೂ ಕೇಳ್ತಿದ್ದ. ಯಾರೇ ಅದು?" ಎಂದರು.

ಅತ್ತಿಗೆ ಚಮಚ ಕೆಳಗಿಟ್ಟರು. ಎದೆ ತುಂಬ ಉಸಿರೆಳೆದುಕೊಂಡು, "ಅದು ಯಾರು ಅಂದ್ರೆ..." ಎಂದರು.

"ಅತ್ತಿಗೆ, ಸ್ವಲ್ಪ ನೀರು ಕೊಡಿ," ಎಂದೆ.

ಜಗ್ಗು ನನ್ನ ಎದುರಿಗೇ ಇತ್ತು. ಅತ್ತಿಗೆ ಅದನ್ನೂ ನನ್ನನ್ನೂ ನೋಡಿದರು. ಆಮೇಲೆ ಎತ್ತಿ ನನ್ನ ಲೋಟಕ್ಕೆ ಅಂಚಿನವರೆಗೆ ಸುರಿದರು.

"ಇವಳು ಬಾಯಿ ಬಿಡಲ್ಲ ಬಿಡು ಅಕ್ಕ," ಎಂದರು ನಮ್ಮವರು. "ಹೋಗ್ಲಿ, ಆ ರಾತ್ರಿ ಸಿಳ್ಳೆ ಏನಾಯ್ತು? ಈಗ ಕೇಳಿಸಲ್ವಾ ನಿಂಗೆ?"

"ಯಾವ ಸಿಳ್ಳೆ?" ಎಂದೆ.

"ಯಾವ ಸಿಳ್ಳೆ?" ಎಂದರು ಅತ್ತಿಗೆಯೂ, ಬಹಳ ಗಂಭೀರವಾಗಿ. ಮೇಜಿನ ಕೆಳಗೆ ಅವರ ಕಾಲು ನನ್ನ ಕಾಲನ್ನು ಒತ್ತಿತು.

ನಮ್ಮವರು ನಮ್ಮಿಬ್ಬರನ್ನೂ ನೋಡಿ ತಲೆ ಕೊಡವಿಕೊಂಡು ಊಟಕ್ಕೆ ಬಾಗಿದರು. ಸಿಂಕಿಗೂ ತೊಟ್ಟಿಲಿಗೂ ನಡುವೆ ಏನನ್ನೂ ಮುಟ್ಟಬೇಡಿ ಎಂದು ಜಗತ್ತಿಗೆಲ್ಲ ಕೂಗಿ ಹೇಳುತ್ತೇನೆ. ಅದು ಹೇಗೆ ಗೊತ್ತಾಯಿತು ಎಂಬುದನ್ನು ಮಾತ್ರ ಡಾಕ್ಟರಿಗಲ್ಲ, ಔಷಧಿ ಅಂಗಡಿಯವನಿಗಲ್ಲ, ಇವರಿಗೂ ಹೇಳುವುದಿಲ್ಲ ಎಂದು ಆ ತುಂಬಿದ ಲೋಟವನ್ನು ಒಂದು ಹನಿಯೂ ಚೆಲ್ಲದೆ ಎತ್ತುವಾಗ ತೀರ್ಮಾನಿಸಿದೆ.